ಅಂಗಳದಲ್ಲಿ ಮುರಿದ ಎಲುಬು

ಅಮ್ಮಸಂದ್ರ, ತುರುವೇಕೆರೆ, ತಿಪಟೂರುಗಳ ತೆಂಗಿನ ಸೀಮೆಯಲ್ಲಿ ಎಲುಬು ಮುರಿದ ಸುದ್ದಿ ಬಂದರೆ ಕೇಳುವವರ ಮನಸ್ಸು ಮೊದಲು ಮರದ ಕಡೆಗೇ ಹೋಗುವುದು. ಐವತ್ತು ಅಡಿ ಎತ್ತರದಿಂದ ಜಾರಿದವನ ಎಲುಬು ಎಷ್ಟು ಗಟ್ಟಿಯಾಗಿದ್ದರೂ ಉಳಿಯಲಾರದು. ಅಲ್ಲಿ ದೋಷವು ಎಲುಬಿನದಲ್ಲ, ಎತ್ತರದ್ದು. ಆದರೆ ಅದೇ ತೋಟದ ಮನೆಯಲ್ಲಿ ಎಪ್ಪತ್ತು ವರ್ಷದ ಅಜ್ಜಿಯೊಬ್ಬರು ಅಂಗಳಕ್ಕೆ ನೀರು ಚಿಮುಕಿಸುವಾಗ ಕಾಲುಜಾರಿ ಕುಸಿದು, ಮತ್ತೆ ಏಳಲಾರದೆ ಹೋದರೆ, ಅದನ್ನೂ ನಾವು ‘ಬಿದ್ದು ಮುರಿಯಿತು’ ಎಂದೇ ಹೇಳಿಬಿಡುತ್ತೇವೆ. ಇವೆರಡೂ ಒಂದೇ ಜಾತಿಯ ಮುರಿತವಲ್ಲವೆಂಬುದನ್ನು ಗೃಹಸ್ಥರು ಅರಿತಿರಬೇಕು. ನಿಂತ ನೆಲದಲ್ಲಿ ಬಿದ್ದಷ್ಟಕ್ಕೇ ಎಲುಬು ಮುರಿದರೆ, ಅದು ಬಹುವರ್ಷಗಳಿಂದ ಒಳಗೇ ಸವೆಯುತ್ತಿದ್ದಿತೆಂದು ವೈದ್ಯರು ಶಂಕಿಸುವರು. ಈ ಸವಕಳಿಗೇ ಆಸ್ಟಿಯೊಪೊರೋಸಿಸ್ ಎಂದು ಹೆಸರು.

ಎಲುಬು ಜಡವಸ್ತುವಲ್ಲ. ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟುವ ಕೆಲಸವು ಅದರೊಳಗೆ ಆಯುಷ್ಯವಿರುವ ತನಕ ನಡೆದಿರುವುದು. ಮೂವತ್ತರ ಸುಮಾರಿಗೆ ಅದು ತನ್ನ ಪೂರ್ಣಬಲವನ್ನು ಪಡೆದಿರುತ್ತದೆ. ಅನಂತರ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗುತ್ತ ಬರುವುದು. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಂತೂ ಈಸ್ಟ್ರೋಜನ್ ಎಂಬ ರಸವು ಕುಗ್ಗುವುದರಿಂದ ಈ ಕ್ಷಯವು ಬಹು ವೇಗವಾಗಿ ಸಾಗುವುದು. ಗಂಡಸರೂ ಪಾರಾದವರಲ್ಲ, ತಡವಾಗಿ ಸಿಕ್ಕುವರು, ಅಷ್ಟೆ. ಉಬ್ಬಸಕ್ಕೋ ಕೀಲುನೋವಿಗೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರಿಗೆ ಇದು ಬೇಗನೆ ಬರಬಹುದು. ನೋವಿಲ್ಲ, ಜ್ವರವಿಲ್ಲ, ಆದಕಾರಣ ಮುರಿಯುವ ತನಕ ಯಾರಿಗೂ ತಿಳಿಯದು.

ಆದರೂ ದೊಡ್ಡ ಮುರಿತಕ್ಕೆ ಮುಂಚೆ ಚಿಕ್ಕ ಮುರಿತಗಳು ಎಚ್ಚರಿಕೆ ಕೊಡುವುದುಂಟು. ಐವತ್ತೈದರ ಗೃಹಿಣಿಯು ಮುಗ್ಗರಿಸಿ ಕೈಯೂರಿದಾಗ ಮಣಿಕಟ್ಟು ಮುರಿಯುವುದು ಅಂತಹುದೊಂದು. ಇನ್ನೊಂದು ಬೆನ್ನಿನದು. ಕಾಯಿ ತುಂಬಿದ ಮಂಕರಿಯನ್ನು ಬಗ್ಗಿ ಎತ್ತುವಾಗ ಬೆನ್ನಿನಲ್ಲಿ ಏನೋ ಚುಳುಕ್ಕೆಂದಂತಾಗುವುದು. ‘ಉಳುಕಿತು’ ಎಂದು ಎಣ್ಣೆ ತಿಕ್ಕಿ ಮರೆತುಬಿಡುವರು. ವಾಸ್ತವವಾಗಿ ಬೆನ್ನೆಲುಬಿನ ಒಂದು ಮಣಿಯು ಅಲ್ಲಿ ಕುಸಿದಿರಬಹುದು. ಹೀಗೆ ಎರಡು ಮೂರು ಮಣಿಗಳು ಕುಸಿದರೆ ಬೆನ್ನು ಗೂನಾಗುವುದು, ಆಳು ಗಿಡ್ಡವಾಗುವುದು. ಮೊದಲು ಸರಿಯಾಗಿದ್ದ ಸೀರೆ ಈಗ ನೆಲ ಗುಡಿಸುತ್ತಿದೆಯೆಂದು ಅತ್ತೆಯವರು ಹೇಳಿದರೆ ಸೊಸೆಯಾದವಳು ನಕ್ಕು ಸುಮ್ಮನಾಗಬಾರದು. ಬಾಗಿದ ಬೆನ್ನು ಮುಪ್ಪಿನ ಸಹಜ ಲಕ್ಷಣವೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಅದನ್ನು ವೈದ್ಯರಿಗೆ ತೋರಿಸುವವರೇ ಅಪರೂಪ.

ಎಲ್ಲಕ್ಕಿಂತ ಘೋರವಾದದ್ದು ತೊಡೆಯೆಲುಬು ಸೊಂಟದ ಕೀಲಿಗೆ ಸೇರುವೆಡೆಯ ಮುರಿತ. ಬಿದ್ದವರ ಕಾಲು ಮೋಟಾದಂತೆ ಕಂಡು, ಪಾದವು ಹೊರಕ್ಕೆ ತಿರುಗಿದ್ದು, ಎತ್ತಲಾಗದಿದ್ದರೆ ಸಂಶಯವೇ ಬೇಡ. ತಿಕ್ಕದೆ, ನಡೆಸದೆ, ೧೦೮ ವಾಹನವನ್ನು ಕರೆಸಿ ತುಮಕೂರಿನ ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿಗೋ ಸಾಗಿಸಬೇಕು. ಆಂಧ್ರದ ಪುತ್ತೂರಿನ ಕಟ್ಟಿನ ಮೇಲೆ ನಮ್ಮವರಿಗೆ ಬಹಳ ಭರವಸೆ. ಆದರೆ ಈ ಜಾಗವು ಮಾಂಸದ ಆಳದಲ್ಲಿದೆ. ಹೊರಗಿನ ಯಾವ ಕಟ್ಟೂ ಅದನ್ನು ಹಿಡಿದು ನಿಲ್ಲಿಸಲಾರದು. ‘ಈ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಏಕೆ, ಮಲಗಿರಲಿ’ ಎಂದು ಮಕ್ಕಳು ಕರುಣೆಯಿಂದಲೇ ಹೇಳುವರು. ಆ ಕರುಣೆಯೇ ಪ್ರಾಣಕ್ಕೆ ಎರವಾಗುವುದು. ಮಲಗಿದಲ್ಲೇ ಹುಣ್ಣುಗಳಾಗುವುವು, ಶ್ವಾಸಕೋಶದಲ್ಲಿ ಕಫ ನಿಂತು ನ್ಯುಮೋನಿಯಾ ಹಿಡಿಯುವುದು, ಕಾಲಿನ ರಕ್ತ ಹೆಪ್ಪುಗಟ್ಟುವುದು. ಎರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗಿ ಬೇಗ ಎದ್ದು ನಿಂತವರು ಬದುಕಿಕೊಳ್ಳುವ ಸಂಭವ ಹೆಚ್ಚು. ಮುಪ್ಪೇ ಅದಕ್ಕೆ ಅಡ್ಡಿಯಲ್ಲ.

ಮುರಿದುದನ್ನು ಕೂಡಿಸಿದೊಡನೆ ಕೆಲಸ ಮುಗಿಯಲಿಲ್ಲ. ಒಮ್ಮೆ ಮುರಿದವರಿಗೆ ಮತ್ತೊಮ್ಮೆ ಮುರಿಯುವ ಭಯವು ಹೆಚ್ಚು. ಡೆಕ್ಸಾ ಎಂಬ ಪರೀಕ್ಷೆಯಿಂದ ಎಲುಬಿನ ಸಾಂದ್ರತೆಯನ್ನು ಅಳೆಯಬಹುದು. ಸವಕಳಿಯನ್ನು ಗುರುತಿಸುವ ಅಳತೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ೧೯೯೪ರಲ್ಲಿ ಗೊತ್ತುಮಾಡಿತು. ವಾರಕ್ಕೊಂದು ಮಾತ್ರೆ, ವರ್ಷಕ್ಕೊಂದು ಚುಚ್ಚುಮದ್ದು ಮುಂತಾದ ಔಷಧಗಳುಂಟು; ಯಾವುದು ಯಾರಿಗೆಂಬುದನ್ನು ವೈದ್ಯರೇ ಹೇಳಬೇಕು.

ಇನ್ನು ಆಹಾರದ ಮಾತು. ಅಮ್ಮಸಂದ್ರದ ಹೆಸರನ್ನು ದೂರದವರು ಕೇಳಿರುವುದು ಸಿಮೆಂಟಿನಿಂದ. ಸಿಮೆಂಟಿಗೆ ಬೇಕಾದ ಸುಣ್ಣಕಲ್ಲಿನಲ್ಲಿರುವ ಕ್ಯಾಲ್ಸಿಯಂ ಎಂಬ ಧಾತುವೇ ನಮ್ಮ ಎಲುಬಿಗೂ ಬೇಕು. ಪ್ರಾಯದವರಿಗೆ ದಿನಕ್ಕೆ ೧,೦೦೦ ಮಿಲಿಗ್ರಾಂ, ಮುಟ್ಟು ನಿಂತವರಿಗೆ ೧,೨೦೦ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೨೦೨೦ರಲ್ಲಿ ಹೇಳಿತು. ತೆಂಗಿನ ಮೇಲಿನ ಅಭಿಮಾನ ನಮಗೆ ಎಷ್ಟೇ ಇರಲಿ, ಕಾಯಿಯಲ್ಲಿ ಈ ಅಂಶವು ಅತ್ಯಲ್ಪ. ಬಿಳಿಯ ಅಕ್ಕಿಯಲ್ಲಿಯೂ ಅಷ್ಟೆ. ರಾಗಿಯಲ್ಲಾದರೋ ೧೦೦ ಗ್ರಾಮಿಗೆ ಸುಮಾರು ೩೫೦ ಮಿಲಿಗ್ರಾಂ ಇದೆ. ಮುದ್ದೆ ಬಡವರ ಊಟವೆಂದು ಅನ್ನಕ್ಕೆ ತಿರುಗಿದ ಮನೆಗಳು ಇದನ್ನು ಯೋಚಿಸಲಿ. ಹಾಲು, ಮಜ್ಜಿಗೆ, ಎಳ್ಳು, ಹುರುಳಿ, ನುಗ್ಗೆಸೊಪ್ಪು ಜೊತೆಗಿರಲಿ. ತಿಂದದ್ದು ಮೈಗೆ ಹತ್ತಲು ಡಿ ಜೀವಸತ್ತ್ವ ಬೇಕು. ಅದು ಬಿಸಿಲಿನಿಂದ ದೊರೆಯುವುದು.

ಬೀಳದಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲಿದೆ. ಬಚ್ಚಲ ಕಲ್ಲಿನ ಪಾಚಿಯನ್ನು ವಾರಕ್ಕೊಮ್ಮೆ ಉಜ್ಜಿಸಿ, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸಿರಿ. ರಾತ್ರಿ ಹಿತ್ತಿಲ ದಾರಿಯಲ್ಲಿ ದೀಪವಿರಲಿ, ಅಂಗಳದಲ್ಲಿ ಮಟ್ಟೆ ಗರಿಗಳು ಕಾಲಿಗೆ ತೊಡರದಿರಲಿ. ಕೊಬ್ಬರಿ ನೋಡಲು ಏಣಿ ಹತ್ತಿ ಅಟ್ಟಕ್ಕೆ ಹೋಗುವ ಅಭ್ಯಾಸವನ್ನು ಹಿರಿಯರು ಸುಲಭವಾಗಿ ಬಿಡರು. ಏಣಿಯನ್ನೇ ಬೇರೆ ಕಡೆ ಇಟ್ಟುಬಿಡುವುದು ಲೇಸು.