ಬೆಳ್ಳಂದೂರಿನಿಂದ ನೇಪಾಳಕ್ಕೆ ರೈಲುದಾರಿ

ಬೆಳ್ಳಂದೂರಿನ ಹೊರವರ್ತುಲ ರಸ್ತೆಯುದ್ದಕ್ಕೂ ನೀಲಿ ಮಾರ್ಗದ ಮೆಟ್ರೊ ಕಂಬಗಳು ಎದ್ದು ನಿಂತಿವೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಹೆಬ್ಬಾಳದ ಮೂಲಕ ಕೆಂಪೇಗೌಡ ವಿಮಾನ ನಿಲ್ದಾಣ ತಲುಪುವ, ಸುಮಾರು 58 ಕಿ.ಮೀ. ಉದ್ದದ ಈ ಮಾರ್ಗಕ್ಕೆ ಕೇಂದ್ರ ಸಂಪುಟ 2021ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಾಗ ಅಂದಾಜು ವೆಚ್ಚ 14,788 ಕೋಟಿ ರೂಪಾಯಿ. ಕೊಲಂಬೊ, ಮಾಲೆ, ಕಠ್ಮಂಡು ಎಂದು ವಿಮಾನ ಹತ್ತುವವರಿಗೆ ಈ ಮಾರ್ಗ ಬೇಕೇ ಬೇಕು. ಆದರೆ ಇದೇ ಬೆಳ್ಳಂದೂರಿನ ಅಪಾರ್ಟ್‌ಮೆಂಟುಗಳ ಗೇಟು ಕಾಯುವ, ಹೋಟೆಲುಗಳ ಅಡುಗೆಮನೆಯಲ್ಲಿ ದುಡಿಯುವ ನೇಪಾಳಿಗಳಲ್ಲಿ ಅನೇಕರು ಊರಿಗೆ ಹೊರಡುವುದು ರೈಲಿನಲ್ಲಿ. ನೆರೆದೇಶದ ಸಂಪರ್ಕ ಎಂದೊಡನೆ ನಮ್ಮ ಯೋಜಕರಿಗೆ ವಿಮಾನವೊಂದೇ ನೆನಪಾಗುತ್ತದೆ. ನೇಪಾಳದ ಮಟ್ಟಿಗಾದರೂ ರೈಲಿಗೆ ಅಷ್ಟೇ ಗಮನ ಸಲ್ಲಬೇಕು ಎಂಬುದು ನನ್ನ ವಾದ.

ಈಗಿರುವ ದಾರಿಗಳನ್ನೇ ನೋಡಿ. ಯಶವಂತಪುರ–ಗೋರಖ್‌ಪುರ ರೈಲು ಹಿಡಿದರೆ ಹೆಚ್ಚು ಕಡಿಮೆ ಎರಡು ದಿನದ ಪ್ರಯಾಣ. ಅಲ್ಲಿಂದ ಸುನೌಲಿ ಗಡಿಗೆ ಸುಮಾರು 100 ಕಿ.ಮೀ. ಬಸ್ಸು ಅಥವಾ ಜೀಪು. ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಪಟ್ನಾ ಕಡೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ರಕ್ಸೌಲ್ ಸೇರಿದರೆ ಗಡಿಯಾಚೆಗೆ ಬೀರ್‌ಗಂಜ್. ಮೂರನೆಯದು ಮೈಸೂರಿನಿಂದ ಬೆಂಗಳೂರಿನ ಮೇಲೆ ದರ್ಭಂಗಾಕ್ಕೆ ಹೋಗುವ ಬಾಗ್‌ಮತಿ ಎಕ್ಸ್‌ಪ್ರೆಸ್. ಅದು ವಾರಕ್ಕೊಮ್ಮೆ ಮಾತ್ರ. ದರ್ಭಂಗಾದಿಂದ ಗಡಿಯೂರು ಜಯನಗರ ಹೆಚ್ಚು ದೂರವಿಲ್ಲ. ಜಯನಗರದಿಂದ ಜನಕ್‌ಪುರದ ಮೂಲಕ ಕುರ್ಥಾವರೆಗಿನ ಸುಮಾರು 35 ಕಿ.ಮೀ. ಹಳಿಯಲ್ಲಿ 2022ರ ಏಪ್ರಿಲ್‌ನಿಂದ ಪ್ರಯಾಣಿಕರ ರೈಲು ಓಡುತ್ತಿದೆ. ಅದಕ್ಕೆ ಬೇಕಾದ ಎರಡು ಡೆಮು ರೈಲುಗಳನ್ನು 2020ರಲ್ಲಿ ನೇಪಾಳಕ್ಕೆ ಪೂರೈಸಿದ್ದು ನಮ್ಮ ಕರಾವಳಿಯ ಕೊಂಕಣ ರೈಲ್ವೆಯೇ. ಹಳಿ ಗಡಿ ದಾಟಿ ಆಗಿದೆ. ನಮ್ಮ ಕಡೆಯಿಂದ ಅಲ್ಲಿಗೆ ಸಾಕಷ್ಟು ಗಾಡಿಗಳಿಲ್ಲದಿರುವುದೇ ಕೊರತೆ.

ಕೊರತೆ ಶುರುವಾಗುವುದು ಬೆಂಗಳೂರಿನೊಳಗೇ. ಪೂರ್ವ ಭಾರತದ ಅನೇಕ ರೈಲುಗಳು ಹೊರಡುವ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರ ಜೂನ್‌ನಲ್ಲಿ ಕಾರ್ಯಾರಂಭ ಮಾಡಿತು. ಅದರ ಬಾಗಿಲಿಗೆ ಮೆಟ್ರೊ ಇಲ್ಲ. ಬೆಳ್ಳಂದೂರು ರೋಡ್ ಸ್ಟೇಷನ್ ಇರುವುದು ಬೈಯಪ್ಪನಹಳ್ಳಿ–ಹೊಸೂರು ಹಳಿಯ ಮೇಲೆಯೇ. ಆದರೂ ಅಲ್ಲಿ ನಿಲ್ಲುವ ಗಾಡಿಗಳು ಬೆರಳೆಣಿಕೆಯಷ್ಟು. ಹೀಗಾಗಿ ಗಂಟುಮೂಟೆ ಹೊತ್ತವರು ಹಳಿ ಪಕ್ಕದಲ್ಲೇ ಇದ್ದರೂ ಆಟೊಗೆ ದುಡ್ಡು ಸುರಿದು ಟ್ರಾಫಿಕ್‌ನಲ್ಲಿ ನಿಲ್ಲಬೇಕು. ಹೀಲಲಿಗೆ–ರಾಜಾನುಕುಂಟೆ ಉಪನಗರ ರೈಲು ಮಾರ್ಗ, ಅಂದರೆ ‘ಕನಕ’, ಬೆಳ್ಳಂದೂರಿನ ಮೇಲೆಯೇ ಹಾದುಹೋಗಬೇಕು. 2022ರ ಜೂನ್ 20ರಂದು ಉಪನಗರ ರೈಲಿಗೆ ಶಂಕುಸ್ಥಾಪನೆ ಮಾಡಿದಾಗ ಹೇಳಿದ ಗಡುವು 40 ತಿಂಗಳು. ಆ ಗಡುವು ಕಳೆದುಹೋಗಿದೆ, ಕನಕದ ಗಾಡಿ ಬಂದಿಲ್ಲ.

ವಿಮಾನದ ಟಿಕೆಟ್ ಅಗ್ಗವಾಗಿರುವಾಗ ಎರಡು ದಿನ ರೈಲಿನಲ್ಲಿ ಯಾರು ಕೂರುತ್ತಾರೆ ಎಂದು ಕೇಳುವವರಿದ್ದಾರೆ. ವಿಮಾನ ಅಗ್ಗವಾಗುವುದು ತಿಂಗಳುಗಳ ಮೊದಲೇ ರಜೆ ಗೊತ್ತಿರುವವರಿಗೆ. ನೇಪಾಳದ ದೊಡ್ಡ ಹಬ್ಬ ದಶೈಂ ಬರುವುದು ನಮ್ಮ ದಸರೆಯ ಹೊತ್ತಿಗೆ. ಎಲ್ಲರೂ ಒಟ್ಟಿಗೆ ಹೊರಡುವ ಆ ದಿನಗಳಲ್ಲಿ ದರ ಏರುತ್ತದೆ, ಗೇಟು ಕಾಯುವವನಿಗೆ ರಜೆ ಸಿಗುವುದೇ ಕೊನೆಗಳಿಗೆಯಲ್ಲಿ. ಕಾಗದಪತ್ರದ ತೊಡಕೂ ಉಂಟು. ವಿಮಾನದಲ್ಲಿ ನೇಪಾಳಕ್ಕೆ ಹೋಗುವ ವಯಸ್ಕ ಭಾರತೀಯರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, 15ರಿಂದ 65 ವರ್ಷದವರಿಗೆ ಆಧಾರ್ ನಡೆಯುವುದಿಲ್ಲ. ನೆಲದ ಗಡಿಯಲ್ಲಿ ಎರಡೂ ದೇಶದ ಸಾಮಾನ್ಯರು ವೀಸಾ ಇಲ್ಲದೆ ಓಡಾಡಬಹುದು.

ಪರದೇಶದವರಿಗಾಗಿ ನಮ್ಮ ತೆರಿಗೆ ಹಣ ಏಕೆ ಎಂಬುದು ಇನ್ನೊಂದು ಆಕ್ಷೇಪ. ಈ ಗಾಡಿಗಳಲ್ಲಿ ಕೂರುವವರಲ್ಲಿ ಹೆಚ್ಚಿನವರು ಬಿಹಾರ ಮತ್ತು ಪೂರ್ವ ಉತ್ತರಪ್ರದೇಶದವರು. ನಮ್ಮ ಕಟ್ಟಡಗಳನ್ನು ಕಟ್ಟಿದವರು. ಅವರಿಗಾಗಿ ಓಡಿಸುವ ರೈಲೇ ನೇಪಾಳಿಗೂ ಸಾಕು, ಬೇರೆ ಖರ್ಚಿಲ್ಲ. ವಾಸ, ಆಸ್ತಿ, ವ್ಯಾಪಾರ, ಸಂಚಾರದಲ್ಲಿ ಪರಸ್ಪರರ ಪ್ರಜೆಗಳಿಗೆ ಸಮಾನ ಸೌಲಭ್ಯ ಕೊಡುವುದಾಗಿ 1950ರ ಒಪ್ಪಂದದಲ್ಲಿ ಭಾರತ ಮತ್ತು ನೇಪಾಳ ಮಾತು ಕೊಟ್ಟುಕೊಂಡಿವೆ. ಕಠ್ಮಂಡುವಿನ ಪಶುಪತಿನಾಥನಿಗೆ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರು. ಕನ್ನಡಿಗರು ಅಲ್ಲಿ ಗರ್ಭಗುಡಿಯ ತನಕ ಮರ್ಯಾದೆ ಪಡೆದಿರುವಾಗ, ಇಲ್ಲಿ ದುಡಿಯಲು ಬಂದ ನೇಪಾಳಿಗೆ ಊರಿಗೆ ಮರಳಲು ಕೂರುವ ಜಾಗವಾದರೂ ಸಿಗಬೇಡವೇ?

ರೈಲ್ವೆ ಇಲಾಖೆ ಇಂದೇ ಮಾಡಬಹುದಾದ ಕೆಲಸ ಮೂರು. ಬಾಗ್‌ಮತಿ ಎಕ್ಸ್‌ಪ್ರೆಸ್ ವಾರಕ್ಕೆ ಮೂರು ದಿನವಾದರೂ ಓಡಲಿ, ಸಾಧ್ಯವಾದರೆ ಜಯನಗರದವರೆಗೆ ಹೋಗಲಿ. ದಸರೆಗೆ ಮೈಸೂರಿನ ಕಡೆಗೆ ಬಿಡುವಂತೆ ಗೋರಖ್‌ಪುರ, ರಕ್ಸೌಲ್ ಕಡೆಗೂ ವಿಶೇಷ ರೈಲು ಬಿಡಲಿ, ಅದರಲ್ಲಿ ಸ್ಲೀಪರ್ ಮತ್ತು ಜನರಲ್ ಬೋಗಿಗಳು ಹೆಚ್ಚಿರಲಿ. ಕನಕ ಮುಗಿಯುವ ತನಕ ಬೆಳ್ಳಂದೂರು ರೋಡ್‌ನಿಂದ ಬೈಯಪ್ಪನಹಳ್ಳಿಗೆ ಬೆಳಿಗ್ಗೆ ಸಂಜೆ ಮೆಮು ಗಾಡಿಗಳು ನಿಯಮಿತವಾಗಿ ಓಡಲಿ. ಇವಕ್ಕೆ ಸಾವಿರಾರು ಕೋಟಿ ಬೇಡ. ವಿಮಾನ ಹತ್ತುವವರ ಸಮಯಕ್ಕೆ ಕೊಟ್ಟ ಬೆಲೆಯನ್ನು ರೈಲು ಹತ್ತುವವರ ಸಮಯಕ್ಕೂ ಕೊಡುವ ಮನಸ್ಸು ಬೇಕು; ಆ ಮನಸ್ಸು ಮಾಡುವಂತೆ ನಮ್ಮ ಸಂಸದರನ್ನು ಒತ್ತಾಯಿಸುವ ಹೊಣೆ ಇಲ್ಲಿ ಮತ ಹಾಕುವ ನಮ್ಮದು.