ಟೈರು ತಾನಾಗಿ ಸಿಡಿಯುವುದಿಲ್ಲ

ಪಣಂಬೂರಿನ ಬಂದರನ್ನು ಬಿಟ್ಟು ಪಡುಬಿದ್ರಿ, ಕಾಪು, ಉಡುಪಿಗಳನ್ನು ಹಾದು ಉತ್ತರಕ್ಕೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ಕರಿಯ ರಬ್ಬರಿನ ಉದ್ದುದ್ದನೆಯ ಪಟ್ಟೆಗಳು ಅಲ್ಲಲ್ಲಿ ಬಿದ್ದಿರುವುದನ್ನು ವಾಚಕರು ನೋಡಿರಬಹುದು. ಅವು ಲಾರಿಗಳ ಮತ್ತು ಟ್ರೈಲರುಗಳ ಟೈರುಗಳಿಂದ ಕಿತ್ತುಬಂದ ಮೇಲ್ಪದರಗಳು. ಇಂತಹ ಟೈರು ಸಿಡಿದು ವಾಹನವು ಮಗುಚಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುವಾಗ ನಮಗೆ ಒಂದು ಸಂಗತಿಯು ವಿಚಿತ್ರವೆನಿಸುತ್ತದೆ. ‘ಟೈರು ಸಿಡಿದುದರಿಂದ ಅಪಘಾತ’ ಎಂದು ಬರೆದಲ್ಲಿಗೆ ವಿಚಾರಣೆಯು ಮುಗಿಯುತ್ತದೆ. ಟೈರು ಏಕೆ ಸಿಡಿಯಿತೆಂದು ಯಾರೂ ಕೇಳುವುದಿಲ್ಲ. ಸಿಡಿಲು ಬಡಿದರೆ ಹೇಗೋ ಹಾಗೆ!

ಈ ಮನೋಭಾವವನ್ನು ಒಪ್ಪದಿರಲು ಈಗ ನ್ಯಾಯಶಾಸ್ತ್ರದ ಬೆಂಬಲವೂ ಇದೆ. ಟೈರು ಸಿಡಿದುದು ದೈವಕೃತ್ಯವಾದುದರಿಂದ ಪರಿಹಾರ ಕೊಡಬೇಕಾಗಿಲ್ಲವೆಂದು ವಿಮಾ ಕಂಪೆನಿಯೊಂದು ಹೂಡಿದ ವಾದವನ್ನು ಮುಂಬಯಿಯ ಉಚ್ಚ ನ್ಯಾಯಾಲಯವು 2023ರಲ್ಲಿ ತಳ್ಳಿಹಾಕಿತು. ಅದು ಮನುಷ್ಯನ ಅಲಕ್ಷ್ಯದ ಫಲವೆಂದು ಹೇಳಿತು. ನ್ಯಾಯಾಲಯವು ಹೇಳಿದ ಮಾತನ್ನು ಭೌತವಿಜ್ಞಾನವು ಬಹಳ ಹಿಂದೆಯೇ ಹೇಳಿದೆ.

ಚಾರ್ಲ್ಸ್ ಗುಡ್‌ಇಯರನು 1839ರಲ್ಲಿ ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಯಿಸಿ ಅದನ್ನು ಗಟ್ಟಿಗೊಳಿಸುವ ವಿಧಾನವನ್ನು ಕಂಡುಕೊಂಡನು. ಡನ್‌ಲಪ್ಪನು 1888ರಲ್ಲಿ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದನು. ಇಂದಿನ ಲಾರಿಯ ಟೈರಿನಲ್ಲಿ ರಬ್ಬರಿನ ಜೊತೆಗೆ ಉಕ್ಕಿನ ಎಳೆಗಳ ಪದರಗಳೂ ಇರುತ್ತವೆ. ನೆಲವನ್ನು ಮುಟ್ಟುವಲ್ಲಿ ಟೈರು ಚಪ್ಪಟೆಯಾಗುತ್ತದೆ, ನೆಲವನ್ನು ಬಿಟ್ಟೊಡನೆ ದುಂಡಾಗುತ್ತದೆ. ರಬ್ಬರನ್ನು ಬಗ್ಗಿಸಲು ವ್ಯಯವಾದ ಶಕ್ತಿಯೆಲ್ಲವೂ ಅದು ಮರಳಿ ನೆಟ್ಟಗಾದಾಗ ನಮಗೆ ಸಿಕ್ಕುವುದಿಲ್ಲ. ಒಂದಂಶವು ಶಾಖವಾಗಿ ಒಳಗೇ ಉಳಿಯುತ್ತದೆ. ಲಾರಿಯ ಟೈರಿನ ವ್ಯಾಸವು ಸುಮಾರು ಒಂದು ಮೀಟರಿಗಿಂತ ತುಸು ಹೆಚ್ಚು. ಆದುದರಿಂದ ಒಂದು ಕಿಲೋಮೀಟರಿಗೆ ಅದು ಮುನ್ನೂರು ಸುತ್ತು ತಿರುಗುತ್ತದೆ. ಬಂದರಿನಿಂದ ಉಡುಪಿಗೆ ಬರುವಷ್ಟರಲ್ಲಿ ಅದರ ಪ್ರತಿಯೊಂದು ಭಾಗವೂ ಹದಿನಾಲ್ಕು ಸಾವಿರ ಸಲದಷ್ಟು ಬಗ್ಗಿ ನೆಟ್ಟಗಾಗಿರುತ್ತದೆ. ಗಾಳಿ ಕಡಿಮೆಯಿದ್ದರೆ ಬಗ್ಗುವಿಕೆ ಹೆಚ್ಚು, ಬಗ್ಗುವಿಕೆ ಹೆಚ್ಚಿದರೆ ಶಾಖ ಹೆಚ್ಚು. ಶಾಖವು ಹೊರಗೆ ಹೋಗುವುದಕ್ಕಿಂತ ಬೇಗನೆ ಹುಟ್ಟತೊಡಗಿದರೆ ರಬ್ಬರಿಗೂ ಉಕ್ಕಿಗೂ ಇರುವ ಬೆಸುಗೆಯು ಸಡಿಲವಾಗುತ್ತದೆ. ಅನಂತರ ಒಂದು ಸಣ್ಣ ಗುಂಡಿ ಸಾಕು. ಜನರು ಗುಂಡಿಯನ್ನು ದೂರುತ್ತಾರೆ.

ಹಾಗಾದರೆ ಅಪರಾಧವೆಲ್ಲ ಭಾರದ್ದೇ ಎಂದು ಕೇಳಬಹುದು. ಇದಕ್ಕೆ ನಮ್ಮ ಜಿಲ್ಲೆಯೇ ಒಳ್ಳೆಯ ಉತ್ತರವನ್ನು ಕೊಡುತ್ತದೆ. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ ಬಾಹುಬಲಿಯ ಏಕಶಿಲಾಮೂರ್ತಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಲಾಯಿತು. ಮೂರ್ತಿಯ ಎತ್ತರ 39 ಅಡಿ, ತೂಕ ಸುಮಾರು 175 ಟನ್ನು. ಅದನ್ನು ಹೊತ್ತ ಗಾಡಿಗೆ 64 ಗಾಲಿಗಳು. ಭಾಗಿಸಿ ನೋಡಿದರೆ ಗಾಡಿಯ ಸ್ವಂತ ತೂಕವನ್ನು ಬಿಟ್ಟು ಒಂದೊಂದು ಗಾಲಿಯ ಪಾಲಿಗೆ ಬಂದುದು ಎರಡೂ ಮುಕ್ಕಾಲು ಟನ್ನಿನಷ್ಟು ಮಾತ್ರ. ಇಂದು ನಾಲ್ಕು ಟೈರುಗಳ ಒಂದು ಅಚ್ಚಿನ ಮೇಲೆ 11.5 ಟನ್ನುಗಳವರೆಗೆ ಹೇರಲು ನಿಯಮವು ಅವಕಾಶ ಕೊಡುತ್ತದೆ. 2018ಕ್ಕೆ ಮುಂಚೆ ಈ ಮಿತಿಯು 10.2 ಟನ್ನು ಆಗಿದ್ದಿತು. ಅಂದರೆ ಟೈರೊಂದಕ್ಕೆ 2.9 ಟನ್ನು! ಬಾಹುಬಲಿಯನ್ನು ಹೊತ್ತ ಗಾಲಿಗೂ, ಪ್ರತಿನಿತ್ಯ ಕಾಪುವನ್ನು ಹಾದುಹೋಗುವ ಟ್ರೈಲರಿನ ಗಾಲಿಗೂ ಹೊರೆಯಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ವೇಗದಲ್ಲಿ. ಮೂರ್ತಿಯು ಹಲವು ದಿನಗಳ ಕಾಲ ಮೆಲ್ಲಮೆಲ್ಲನೆ ಸಾಗಿತು. ಟ್ರೈಲರು ಗಂಟೆಗೆ 60 ಕಿಲೋಮೀಟರು ಓಡುತ್ತದೆ, ಅದರ ಗಾಲಿಯು ಸೆಕೆಂಡಿಗೆ ಐದು ಸುತ್ತು ತಿರುಗುತ್ತದೆ. (1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಗೊಮ್ಮಟನನ್ನು ಇಪ್ಪತ್ತು ಗಾಲಿಗಳ ಬಂಡಿಯಲ್ಲಿ ಬೆಟ್ಟಕ್ಕೆ ಎಳೆದರೆಂಬ ಐತಿಹ್ಯವಿದೆ. ಆ ಗಾಲಿಗಳಿಗೆ ಸಿಡಿಯುವ ಭಯವಿರಲಿಲ್ಲ. ಹೂತುಹೋಗುವ ಭಯ ಮಾತ್ರ.)

ಟ್ರೈಲರಿನ ಟೈರಿಗೆ ಬೇರೆ ಕೆಲವು ಕಷ್ಟಗಳಿವೆ. ಅವು ಜೋಡಿಜೋಡಿಯಾಗಿರುವುದರಿಂದ ಒಂದರ ಗಾಳಿ ಇಳಿದರೆ ಅದರ ಹೊರೆಯನ್ನೆಲ್ಲ ಪಕ್ಕದ ಟೈರು ಹೊರುತ್ತದೆ. ಇಮ್ಮಡಿ ಭಾರವನ್ನು ಹೊತ್ತುಕೊಂಡು ಓಡಿದ ಆ ಬಡಪಾಯಿಯು ಮುಂದೆ ಸಿಡಿದಾಗ ‘ಹೊಸ ಟೈರು, ಆದರೂ ಸಿಡಿಯಿತು’ ಎಂದು ಮಾಲೀಕನು ಟೈರಿನ ಕಂಪೆನಿಯನ್ನು ಶಪಿಸುತ್ತಾನೆ. ಮುಂದಿನ ಗಾಲಿಯ ದೋಷವು ಸ್ಟೇರಿಂಗಿನ ಮೂಲಕ ಚಾಲಕನ ಕೈಗೆ ತಿಳಿಯುತ್ತದೆ. ನಲವತ್ತು ಅಡಿ ಹಿಂದಿರುವ ಗಾಲಿಯ ದೋಷವು ತಿಳಿಯುವುದಿಲ್ಲ. ಇನ್ನು ತಿರುವುಗಳು: ಪಡುಬಿದ್ರಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಕಾರ್ಕಳದ ಕಡೆಗೆ ತಿರುಗುವ ಮೂರು ಅಚ್ಚುಗಳ ಟ್ರೈಲರನ್ನು ಒಮ್ಮೆ ನಿಂತು ಗಮನಿಸಿರಿ. ಸಮಾನಾಂತರವಾದ ಮೂರು ಅಚ್ಚುಗಳು ಒಂದೇ ಕೇಂದ್ರದ ಸುತ್ತ ಸುಗಮವಾಗಿ ತಿರುಗಲಾರವೆಂಬುದನ್ನು ರೇಖಾಗಣಿತ ಓದಿದವರೆಲ್ಲರೂ ಬಲ್ಲರು. ಮೊದಲಿನ ಮತ್ತು ಕೊನೆಯ ಅಚ್ಚಿನ ಟೈರುಗಳು ಅಡ್ಡಡ್ಡಲಾಗಿ ಉಜ್ಜಿಕೊಂಡೇ ಹೋಗಬೇಕು. ಅದರ ಸದ್ದು ಕೇಳಿಸುತ್ತದೆ.

ಇಲ್ಲಿ ಒಂದು ಅಪಾಯಕರವಾದ ರೂಢಿಯನ್ನು ಹೇಳಲೇಬೇಕು. ಬೇಸಗೆಯ ಮಧ್ಯಾಹ್ನ ಬಿಸಿಯೇರಿದ ಟೈರಿನಿಂದ ಕೊಂಚ ಗಾಳಿಯನ್ನು ಬಿಡುವವರಿದ್ದಾರೆ. ಇಲ್ಲವಾದರೆ ಒತ್ತಡ ಹೆಚ್ಚಿ ಸಿಡಿಯುತ್ತದೆಂಬುದು ಅವರ ತರ್ಕ. ಲೆಕ್ಕ ಹಾಕಿ ನೋಡೋಣ. ಬೆಳಗ್ಗೆ 27 ಡಿಗ್ರಿ ಉಷ್ಣತೆಯಲ್ಲಿ ಮಾಪಕವು ಚದರ ಅಂಗುಲಕ್ಕೆ 120 ಪೌಂಡು ತೋರಿಸಿದರೆ, ಟೈರಿನೊಳಗಣ ಗಾಳಿಯು 70 ಡಿಗ್ರಿಗೆ ಏರಿದಾಗ ಅದೇ ಮಾಪಕವು ಸುಮಾರು 140 ತೋರಿಸಬೇಕು. ವಾಯುವಿನ ನಿಯಮದಂತೆ ಇದು ಸಹಜವಾದ ಏರಿಕೆ. ತಯಾರಕರು ಇದನ್ನು ಗಣಿಸಿಯೇ ತಣ್ಣಗಿನ ಟೈರಿನ ಒತ್ತಡವನ್ನು ಗೊತ್ತುಪಡಿಸಿರುತ್ತಾರೆ. ಆಗ ಗಾಳಿ ಬಿಟ್ಟರೆ ಆಗುವುದೇನು? ಟೈರು ಇನ್ನಷ್ಟು ಬಗ್ಗುತ್ತದೆ, ಇನ್ನಷ್ಟು ಕಾಯುತ್ತದೆ. ಜ್ವರ ಬಂದವನಿಗೆ ಇನ್ನೊಂದು ಕಂಬಳಿ ಹೊದಿಸಿದಂತೆ. ಲಿವರಿನಿಂದ ಟೈರಿಗೆ ಬಡಿದು ಸದ್ದು ಕೇಳಿ ತೃಪ್ತರಾಗುವವರೂ ಉಂಟು. ಪೂರ್ತಿ ಇಳಿದ ಟೈರನ್ನು ಹಾಗೆ ಪತ್ತೆ ಹಚ್ಚಬಹುದು. 120ಕ್ಕೂ 90ಕ್ಕೂ ಇರುವ ಅಂತರವನ್ನು ಕಿವಿಯು ಹೇಳಲಾರದು.

ಸಿಡಿದ ಮೇಲಿನ ಹಾನಿಯು ಟೈರಿನ ಬೆಲೆಗೆ ಸೀಮಿತವಾದುದಲ್ಲ. ಅರ್ಧ ಕಿತ್ತ ಪದರವು ಚಾಟಿಯಂತೆ ಸೆಕೆಂಡಿಗೆ ಐದು ಬಾರಿ ಮಡ್‌ಗಾರ್ಡನ್ನೂ ದೀಪದ ತಂತಿಗಳನ್ನೂ ಬ್ರೇಕಿನ ಗಾಳಿಯ ಕೊಳವೆಯನ್ನೂ ಬಾರಿಸುತ್ತದೆ. ಕೊಳವೆ ಹರಿದು ಗಾಳಿ ಸೋರಿದರೆ ಟ್ರೈಲರಿನ ಬ್ರೇಕು ತಾನಾಗಿ ಕಚ್ಚಿಕೊಂಡು, ಹೆದ್ದಾರಿಯ ನಡುವೆ ವಾಹನವು ನಿಂತುಬಿಡುವುದುಂಟು. ಇಳಿದ ಟೈರನ್ನು ಹಾಗೆಯೇ ಎಳೆದುಕೊಂಡು ಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ಗಾಲಿಯ ಮೇಲ್ತುದಿಯು ನೆಲಕ್ಕೆ ಹೋಲಿಸಿದರೆ ವಾಹನದ ಇಮ್ಮಡಿ ವೇಗದಲ್ಲಿ ಮುಂದೆ ಚಲಿಸುತ್ತಿರುವುದರಿಂದ, ಅಲ್ಲಿಂದ ಹಾರಿದ ಕೆಲವು ಕಿಲೋಗ್ರಾಮುಗಳ ತುಂಡು ದ್ವಿಚಕ್ರದ ಸವಾರನಿಗೆ ತಗಲಿದರೆ ಪರಿಣಾಮವನ್ನು ಹೇಳಬೇಕಾಗಿಲ್ಲ. 2000ದ ಜುಲೈ 25ರಂದು ಪ್ಯಾರಿಸಿನಲ್ಲಿ ಕಾನ್‌ಕಾರ್ಡ್ ವಿಮಾನದ ಟೈರು ಓಡುದಾರಿಯಲ್ಲಿದ್ದ ಲೋಹದ ಪಟ್ಟಿಯೊಂದರ ಮೇಲೆ ಹರಿದು ಸಿಡಿಯಿತು. ನಾಲ್ಕೂವರೆ ಕಿಲೋಗ್ರಾಮಿನ ರಬ್ಬರಿನ ತುಂಡು ರೆಕ್ಕೆಯ ಇಂಧನತೊಟ್ಟಿಗೆ ಅಪ್ಪಳಿಸಿತು. 113 ಜನರು ಸತ್ತರು.

ಸಿಡಿದ ಕ್ಷಣದಲ್ಲಿ ಬ್ರೇಕನ್ನು ಒಮ್ಮೆಲೇ ಒತ್ತಬಾರದು. ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ವೇಗವು ತಾನಾಗಿ ಇಳಿಯುವಂತೆ ಬಿಟ್ಟು, ಬಳಿಕ ಅಂಚಿಗೆ ಸರಿಯಬೇಕು. ನಿಂತ ಮೇಲೆ ಬಿದ್ದ ಪಟ್ಟೆಯನ್ನು ರಸ್ತೆಯಿಂದ ತೆಗೆಸುವ ಕರ್ತವ್ಯವೂ ಇದೆ. ಇದನ್ನು ಮಾಡುವವರು ಕಡಿಮೆ. ರೀಸೋಲ್ ಮಾಡಿದ ಟೈರುಗಳೇ ಇದಕ್ಕೆಲ್ಲ ಕಾರಣವೆಂಬ ಸಾಮಾನ್ಯ ದೂರನ್ನು ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ಚೆನ್ನಾಗಿ ರೀಸೋಲ್ ಮಾಡಿದ ಟೈರುಗಳನ್ನು ವಿಮಾನಗಳಿಗೂ ಬಳಸುತ್ತಾರೆ.

ಆದರೆ ನಮ್ಮನ್ನು ಹೆಚ್ಚು ಕಳವಳಗೊಳಿಸುವುದು ಹೆದ್ದಾರಿಗಿಂತಲೂ ಅದರ ಬದಿಯ ಪಂಕ್ಚರಿನ ಅಂಗಡಿ. ಗಾಳಿಯಿಲ್ಲದೆ ಓಡಿದ ಟೈರಿನ ಪಕ್ಕದ ಗೋಡೆಯಲ್ಲಿ ಉಕ್ಕಿನ ಎಳೆಗಳು ಒಳಗೊಳಗೇ ತುಂಡಾಗಿರುತ್ತವೆ, ಹೊರಗೆ ಏನೂ ಕಾಣಿಸದು. ಅಂಗಡಿಯ ಹುಡುಗನು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಅದಕ್ಕೆ ಗಾಳಿ ತುಂಬುತ್ತಾನೆ. ಲಾರಿಯ ಟೈರಿನ ಒಂದು ಪಕ್ಕದ ವಿಸ್ತೀರ್ಣವು ಆರು ಸಾವಿರ ಚದರ ಸೆಂಟಿಮೀಟರಿಗೂ ಹೆಚ್ಚು. ಒಂದೊಂದರ ಮೇಲೂ ಎಂಟು ಕಿಲೋಗ್ರಾಮಿನ ಒತ್ತಡ. ಆ ಗೋಡೆಯನ್ನು ಒಳಗಿನಿಂದ ತಳ್ಳುವ ಬಲವು ಐವತ್ತು ಟನ್ನಿನಷ್ಟಾಯಿತು! ಎಳೆಗಳು ಸಾಲಾಗಿ ಹರಿದುಹೋದರೆ ಎದುರಿಗಿದ್ದವನಿಗೆ ಉಳಿಗಾಲವಿಲ್ಲ. ಅಮೆರಿಕದಲ್ಲಿ ಇಂತಹ ಟೈರುಗಳನ್ನು ಉಕ್ಕಿನ ಪಂಜರದೊಳಗೆ ಇರಿಸಿಯೇ ಗಾಳಿ ತುಂಬಬೇಕೆಂದು ಕಾರ್ಮಿಕ ರಕ್ಷಣೆಯ ನಿಯಮವಿದೆ. ನಮ್ಮ ಹೆದ್ದಾರಿಯ ಬದಿಯಲ್ಲಿ ಅಂತಹ ಪಂಜರವು ನಮ್ಮ ಕಣ್ಣಿಗೆ ಬಿದ್ದಿಲ್ಲ.

ಹೆಚ್ಚು ತೂಕ ಹೇರಿದರೆ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡವೆಂದು 2019ರ ತಿದ್ದುಪಡಿಯು ಹೇಳುತ್ತದೆ, ಇದು ಯುಕ್ತವೇ. ಆದರೆ ಭಾರವನ್ನು ಅಳೆಯುವ ಸರಕಾರವು ಗಾಳಿಯನ್ನೂ ಅಳೆಯಬೇಕೆಂದು ನಮ್ಮ ಅಭಿಪ್ರಾಯ. ಟೈರಿನ ಒತ್ತಡ ಇಳಿದೊಡನೆ ಚಾಲಕನನ್ನು ಎಚ್ಚರಿಸುವ ಉಪಕರಣವನ್ನು ಅಮೆರಿಕವು 2007ರಿಂದ ಹೊಸ ಕಾರುಗಳಿಗೆ ಕಡ್ಡಾಯಗೊಳಿಸಿತು. ಅದರ ಅಗತ್ಯವು ಕಾರಿಗಿಂತ ಹೆಚ್ಚಾಗಿ ಟ್ರೈಲರಿಗೆ ಇದೆಯೆಂಬುದು ಮೇಲಿನ ವಿವರಣೆಯಿಂದ ಸ್ಪಷ್ಟವಾಗಿದೆ. ಪಂಜರದ ಮಾತಿಗೆ ಬಂದರೆ, ಅದಕ್ಕೆ ವಿದೇಶದ ಯಂತ್ರವೇನೂ ಬೇಕಾಗಿಲ್ಲ. ದಪ್ಪನೆಯ ಉಕ್ಕಿನ ಕೊಳವೆಗಳು, ವೆಲ್ಡಿಂಗಿನ ಕೆಲಸ, ದೂರದಲ್ಲಿ ನಿಂತು ಗಾಳಿ ತುಂಬಲು ಹತ್ತಡಿಯ ನಳಿಗೆ ಮತ್ತು ಅದರ ತುದಿಗೆ ಕಚ್ಚಿಕೊಳ್ಳುವ ಹಿಡಿಕೆ, ಇಷ್ಟೇ. ಮಣಿಪಾಲದಲ್ಲಿ 1957ರಿಂದಲೂ, ನಿಟ್ಟೆಯಲ್ಲಿ 1986ರಿಂದಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಯ ವಿದ್ಯಾರ್ಥಿಗಳು ಲೆಕ್ಕ ಹಾಕಿ, ಕಾರ್ಯಾಗಾರದಲ್ಲಿ ಮಾಡಿ, ಪರೀಕ್ಷಿಸಿ, ಮೊದಲನೆಯ ಪಂಜರವನ್ನು ಪಡುಬಿದ್ರಿಯ ಯಾವುದಾದರೊಂದು ಅಂಗಡಿಗೆ ಈ ವರ್ಷವೇ ಕೊಡಬಹುದು.