ಲಾಭದ ಪಾಲು, ನಷ್ಟದ ಪಾಲು

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೆಯ ಕಲಮು ವರ್ತಕರಿಗೆ ಹೊಸದಲ್ಲ. ಬೇರೆ ಕರಾರು ಇಲ್ಲದಿದ್ದಲ್ಲಿ ಪಾಲುದಾರರು ಲಾಭವನ್ನು ಸಮನಾಗಿ ಪಡೆಯತಕ್ಕದ್ದು, ನಷ್ಟವನ್ನೂ ಸಮನಾಗಿ ಹೊರತಕ್ಕದ್ದು. 30ನೆಯ ಕಲಮಿನಲ್ಲಿ ಒಂದು ವಿನಾಯಿತಿಯುಂಟು: ಅಪ್ರಾಪ್ತ ವಯಸ್ಕನನ್ನು ಲಾಭಕ್ಕೆ ಸೇರಿಸಿಕೊಳ್ಳಬಹುದು, ನಷ್ಟಕ್ಕೆ ಅವನು ವೈಯಕ್ತಿಕವಾಗಿ ಹೊಣೆಯಾಗನು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ಹೊಗೆಸೊಪ್ಪಿನ ವ್ಯವಹಾರವನ್ನು ಒಂದೇ ಪಾಲುದಾರಿಕೆಯೆಂದು ಭಾವಿಸಿ ಲೆಕ್ಕ ತೆಗೆದರೆ, ಇಂತಹ ‘ಅಪ್ರಾಪ್ತರು’ ಅದರಲ್ಲಿ ಬಹಳ ಮಂದಿ ಕಾಣಸಿಗುತ್ತಾರೆ.

ಲಾಭದ ಹಂಚಿಕೆ ಸುಧಾರಿಸಿಲ್ಲವೆನ್ನುವಂತಿಲ್ಲ. 1975ರ ಕಾಯ್ದೆಯಂತೆ ತಂಬಾಕು ಮಂಡಳಿ ರಚನೆಯಾಯಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಆರಂಭವಾಯಿತು. ಅದಕ್ಕೆ ಮೊದಲು ದರ್ಜೆ, ಬೆಲೆ, ಹಣ ಪಾವತಿಯ ದಿನ ಎಲ್ಲವೂ ಬಹುಮಟ್ಟಿಗೆ ಕೊಳ್ಳುವವನ ಮರ್ಜಿಗೆ ಬಿಟ್ಟದ್ದು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಮಾರುಕಟ್ಟೆಗಳಲ್ಲಿ ಬೇಲುಗಳು ಎಲ್ಲರ ಕಣ್ಣೆದುರು ಬಿಕರಿಯಾಗತೊಡಗಿದ ಮೇಲೆ ಸಣ್ಣ ರೈತನಿಗೂ ತನ್ನ ಸೊಪ್ಪಿನ ಬೆಲೆ ತಿಳಿಯಿತು. ಇದು ಸಣ್ಣ ನ್ಯಾಯವಲ್ಲ.

ಹೊರೆಯ ಮಾತು ಬೇರೆ. ಮಳೆ ಕೈಕೊಟ್ಟರೂ, ಬ್ಯಾರನ್ನಿಗೆ ಸುರಿಯುವ ಸೌದೆಯ ಬೆಲೆ ಏರಿದರೂ ನಷ್ಟ ಬೆಳೆಗಾರನದೇ. ಬ್ರೆಜಿಲ್ ಅಥವಾ ಜಿಂಬಾಬ್ವೆಯಲ್ಲಿ ಬೆಳೆ ಹುಲುಸಾದರೆ ರಫ್ತುದಾರರ ಕೂಗು ಇಲ್ಲಿ ತಗ್ಗುತ್ತದೆ. ಕೊಳ್ಳುವವರಿಲ್ಲದ ಬೇಲು ಬಾಡಿಗೆ ಗಾಡಿಯಲ್ಲಿ ಮನೆಗೆ ಮರಳುತ್ತದೆ. ಸಿಗರೇಟಿನ ತೆರಿಗೆಯಾದರೋ ಬೊಕ್ಕಸಕ್ಕೆ ತಪ್ಪದೆ ಸೇರುತ್ತಿರುತ್ತದೆ. ನಿಗದಿತ ಪ್ರಮಾಣ ಮೀರಿ ಬೆಳೆದವರಿಗೂ ನೋಂದಣಿಯಿಲ್ಲದವರಿಗೂ ದಂಡ ಉಂಟು. ಕೆಲವು ವರ್ಷ ಕೇಂದ್ರ ಸರ್ಕಾರ ಅದನ್ನು ಮನ್ನಾ ಮಾಡಿದೆ, ನಿಜ. ಆದರೆ ನಾಟಿಯ ಹೊತ್ತಿಗೆ ಆ ಮನ್ನಾವನ್ನು ನಂಬಿ ಯಾರು ಲೆಕ್ಕ ಹಾಕಬಲ್ಲರು?

ತಂಬಾಕು ಕಡಿಮೆಯಾಗಬೇಕೆಂಬುದು ಸಾರ್ವಜನಿಕ ಹಿತವೇ, ಅದರಲ್ಲಿ ತಕರಾರಿಲ್ಲ. ಭಾರತವು 2004ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 17ನೆಯ ವಿಧಿಯು ಬೆಳೆಗಾರರಿಗೂ ಕಾರ್ಮಿಕರಿಗೂ ಬದಲಿ ಜೀವನೋಪಾಯಕ್ಕೆ ನೆರವಾಗಬೇಕೆನ್ನುತ್ತದೆ. ಆರೋಗ್ಯದ ಫಲ ಇಡೀ ದೇಶಕ್ಕೆ ಸಲ್ಲುವಾಗ ಅದರ ವೆಚ್ಚ ನಾಲ್ಕು ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳ ಮೇಲೆ ಬೀಳುವುದು ಯಾವ ಲೆಕ್ಕಶಾಸ್ತ್ರಕ್ಕೂ ಒಗ್ಗದು. ಕಾವೇರಿ ನಾಲೆಯ ಬಯಲಿನವನಿಗೆ ಭತ್ತವಿದೆ; ಹುಣಸೂರಿನ ಒಣಭೂಮಿಯವನಿಗೆ ಅಷ್ಟು ಆದಾಯ ತರುವ ಇನ್ನೊಂದು ಬೆಳೆಯನ್ನು ತೋರಿಸಬೇಕಾದವರು ತೋರಿಸಿಲ್ಲ.

ಸರ್ಕಾರವನ್ನೂ ಕಂಪನಿಗಳನ್ನೂ ದೂರುವ ಮುನ್ನ ವರ್ತಕರು ತಮ್ಮ ಖಾತೆಪುಸ್ತಕವನ್ನೂ ಒಮ್ಮೆ ತೆರೆಯಬೇಕು. ಗೊಬ್ಬರ, ಔಷಧಿಗಳು ಉದ್ರಿಯಾಗಿ ಹೋಗುತ್ತವೆ. ಬಡ್ಡಿ ಬೆಲೆಯೊಳಗೇ ಅಡಗಿರುತ್ತದೆ. ಹರಾಜಿನ ಹಣ ಬಂದೊಡನೆ ಮೊದಲ ವಸೂಲಿ ಅಂಗಡಿಯದು. ಅಂಗಡಿಯವನಿಗೂ ಬ್ಯಾಂಕಿನ ಬಡ್ಡಿ ನಿಲ್ಲದು ಎಂಬ ಉತ್ತರದಲ್ಲಿ ಸತ್ಯಾಂಶವಿದೆ. ಆದರೂ ಬಿಲ್ಲಿನಲ್ಲಿ ನಗದು ದರ, ಉದ್ರಿ ದರಗಳನ್ನು ಬೇರೆಬೇರೆಯಾಗಿ ನಮೂದಿಸಲು ಯಾವ ಬ್ಯಾಂಕಿನ ಅಡ್ಡಿಯೂ ಇಲ್ಲ. ಬೆಲೆ ಕುಸಿದ ವರ್ಷದ ಬಾಕಿಯನ್ನು ಎರಡು ಹಂಗಾಮುಗಳಿಗೆ ಹರಡಿದರೆ ಅಂಗಡಿಯ ಲಾಭ ತುಸು ತಗ್ಗಬಹುದು, ಗಿರಾಕಿ ಉಳಿಯುತ್ತಾನೆ.

ವಾಣಿಜ್ಯ ಮಂಡಳಿಗಳು ಕೂಡ ಒಂದು ಮನವಿಯನ್ನು ಈಗಲೇ ಸಲ್ಲಿಸಬಹುದು: ದಂಡದ ವಿಷಯದಲ್ಲಿ ಸರ್ಕಾರದ ನಿಲುವೇನೆಂಬುದು ಹರಾಜಿನ ನಡುವೆಯಲ್ಲ, ಸಸಿಮಡಿ ಹಾಕುವ ಮುನ್ನವೇ ಪ್ರಕಟವಾಗಲಿ.